ಪುಣ್ಯತಿಥಿಯಲ್ಲಿ ನಕ್ಕವನು

ನಿವೃತ್ತ ಗಂಡಸರ ಕೈಗೆ ಮೈಕು ಸಿಕ್ಕರೆ ಏನಾಗುತ್ತದೆ ಎಂದು ನೋಡಬೇಕಾದವರು ಭಾನುವಾರ ಮಧ್ಯಾಹ್ನ ಇಂದಿರಾನಗರದ ಯಾವುದಾದರೂ ಬಾಡಿಗೆ ಸಭಾಂಗಣದ ಮೆಟ್ಟಿಲು ಹತ್ತಬೇಕು. ಮೂವತ್ತೈದು ವರ್ಷ ಫೈಲು ತಳ್ಳಿದವರು, ಲೇತ್ ಮುಂದೆ ನಿಂತವರು, ಒಂದು ದಿನವೂ ಹೆಂಡತಿಯ ಹತ್ತಿರ ಮೆತ್ತಗೆ ಮಾತಾಡದವರು, ಹೂವಿನ ಶರ್ಟು ತೊಟ್ಟು ಮೊಬೈಲಿನಲ್ಲಿ ಸಾಹಿತ್ಯ ನೋಡಿಕೊಂಡು ಪ್ರೇಮಗೀತೆ ಹಾಡುತ್ತಾರೆ. ಯಾರೋ ಎಲ್ಲೋ ಮುದ್ರಿಸಿಟ್ಟ ವಾದ್ಯಗಳು ಮುಂದೆ ಹೋಗುತ್ತಿರುತ್ತವೆ, ಇವರು ಹಿಂದಿನಿಂದ ಓಡುತ್ತಿರುತ್ತಾರೆ. ಇದಕ್ಕೆ ಕರೋಕೆ ಎಂದು ಹೆಸರು. ಹೊರಟ ಬಸ್ಸಿನ ಹಿಂದೆ ಓಡುವುದಕ್ಕೂ ಇದಕ್ಕೂ ನನಗೆ ವ್ಯತ್ಯಾಸ ಕಂಡಿಲ್ಲ. ಬಸ್ಸು ಸಿಕ್ಕರೆ ಶಿವಾಜಿನಗರಕ್ಕಾದರೂ ಹೋಗಿ ಇಳಿಯಬಹುದು.

ನನ್ನ ಗೆಳೆಯ ಇಂಥದೊಂದು ಗುಂಪಿಗೆ ಸೇರಿದ್ದು ಹೆಂಡತಿ ತೀರಿಹೋದ ಮೂರನೇ ತಿಂಗಳಲ್ಲಿ. ಅವನು ಸರ್ಕಾರಿ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಫೋರ್‌ಮನ್ ಆಗಿದ್ದವನು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೆಲಸವನ್ನು ವಾಪಸು ಕಳಿಸುತ್ತಿದ್ದವನು. ಅಂಥವನು ಹಾಡಿನಲ್ಲಿ ಮಾತ್ರ ಮೊಳಗಟ್ಟಲೆ ತಪ್ಪುತ್ತಿದ್ದ, ಮತ್ತು ತಪ್ಪುತ್ತಿರುವುದು ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ಗೊತ್ತಾಗದಿರುವುದೇ ಒಂದು ವರ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸುತ್ತಿರಲಿಲ್ಲ.

ನಾವು ಮೂವರು ದಂಡು ಪ್ರದೇಶದ ಸಂಜೆ ಕಾಲೇಜೊಂದರಲ್ಲಿ ಜೊತೆಯಾದವರು. ಈ ಫೋರ್‌ಮನ್ ಒಬ್ಬ. ವಿಮಾ ಕಚೇರಿಯ ಗುಮಾಸ್ತನಾಗಿ ಸೇರಿ ಅದಕ್ಕಿಂತ ಅಂಥಾ ಮೇಲಕ್ಕೇನೂ ಹೋಗದ ನಾನು ಒಬ್ಬ. ಮೂರನೆಯವನು ಶಿವಾಜಿನಗರದವನು. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಅವರಪ್ಪನ ಕಾಲದಿಂದ ಲೇಸು, ಜರಿ ಅಂಚು, ಗುಂಡಿಗಳ ಅಂಗಡಿ. ಮನೆಯಲ್ಲಿ ದಖ್ಖನಿ, ಅಂಗಡಿಯಲ್ಲಿ ತಮಿಳು, ನಮ್ಮ ಹತ್ತಿರ ಕನ್ನಡ. ಪದವಿ ಮುಗಿಸಿದ್ದು ಅವನೊಬ್ಬನೇ ಮೊದಲ ಯತ್ನದಲ್ಲಿ, ಅದರಿಂದ ಏನೂ ಪ್ರಯೋಜನ ಪಡೆಯದವನೂ ಅವನೊಬ್ಬನೇ. ನಲವತ್ತು ವರ್ಷ ನಮ್ಮ ಸ್ನೇಹಕ್ಕೆ ಏನೂ ಆಗಲಿಲ್ಲ.

ನನ್ನ ಬಗ್ಗೆ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹುಡುಗನಾಗಿದ್ದಾಗ ಹಲಸೂರಿನಲ್ಲಿ, ಹಳೆಯ ದೇವಸ್ಥಾನದ ಬೀದಿಯಲ್ಲಿದ್ದ ಮೇಷ್ಟ್ರೊಬ್ಬರ ಹತ್ತಿರ ಎಂಟು ವರ್ಷ ಸಂಗೀತ ಕಲಿತೆ. ಕೆಲಸ ಸಿಕ್ಕಿದ ವರ್ಷ ಬಿಟ್ಟೆ. ಹಾಡುವುದು ಹೋಯಿತು, ಬೇರೆಯವರ ಅಪಶ್ರುತಿ ಹಿಡಿಯುವುದು ಮಾತ್ರ ಉಳಿಯಿತು. ಅಡುಗೆ ಮರೆತ ಅಡುಗೆಭಟ್ಟ ಊರಿನ ಮದುವೆಗಳಿಗೆಲ್ಲ ಹೋಗಿ ಸಾರಿಗೆ ಹುಳಿ ಹೆಚ್ಚಾಯಿತು ಎನ್ನುತ್ತ ತಿರುಗುತ್ತಾನಲ್ಲ, ಅಂಥ ಬಾಳು. ಇದರಲ್ಲಿ ನನಗೆ ಬೇಕಾದಷ್ಟು ಹೆಮ್ಮೆಯೂ ಇತ್ತು.

ಗೆಳೆಯನ ಹೆಂಡತಿ ಹಲಸೂರಿನವಳು. ಮನೆಮಾತು ತಮಿಳು. ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ದಿನವಿಡೀ ಜನರ ರಕ್ತ ನೋಡುವವಳಿಗೆ ಇರಬೇಕಾದ ತಣ್ಣಗಿನ ಕಣ್ಣು ಅವಳಿಗಿತ್ತು. ಸಿ.ವಿ. ರಾಮನ್ ನಗರದ ಅವರ ಮನೆಗೆ ನಾನು ಗುರುವಾರ ಸಂಜೆ ಹೋಗುವುದು ವಾಡಿಕೆ. ಕಾಫಿ ಆದ ಮೇಲೆ ಇವನಿಗೆ ಒಂದು ಹುರುಪು ಬಂದು, ಕುರ್ಚಿಯ ತೋಳಿನ ಮೇಲೆ ತಾಳ ಹಾಕಿಕೊಂಡು ಹಳೆಯ ಸಿನಿಮಾ ಹಾಡು ಎತ್ತಿಕೊಳ್ಳುತ್ತಿದ್ದ. ಕಣ್ಣು ಮುಚ್ಚಿ ಹಾಡುವುದು ಅವನ ಅಭ್ಯಾಸ. ಅವನು ಕಣ್ಣು ಮುಚ್ಚಿದ ಕೂಡಲೇ ಅವಳು ಅಡುಗೆಮನೆಯ ಬಾಗಿಲ ಪಕ್ಕದ ಸ್ಟೂಲಿನಿಂದ ನನ್ನ ಕಡೆ ನೋಡುತ್ತಿದ್ದಳು. ಒಂದು ಹುಬ್ಬು ಮೇಲೆ ಹೋಗುತ್ತಿತ್ತು, ಅಷ್ಟೇ. ಎಂದಾದರೊಮ್ಮೆ, ‘ಶುರು ಪಣ್ಣಿಟ್ಟಾರು,’ ಎಂದು ತುಟಿಯಲ್ಲೇ ಅನ್ನುತ್ತಿದ್ದಳು, ಶುರು ಹಚ್ಚಿಕೊಂಡರಪ್ಪ ಎಂಬ ಅರ್ಥದಲ್ಲಿ. ನಾನು ನಗು ಕಚ್ಚಿ ಹಿಡಿಯುತ್ತಿದ್ದೆ. ಅವನು ಕಣ್ಣು ತೆರೆಯುವ ಹೊತ್ತಿಗೆ ಅವಳು ಬೀನ್ಸ್ ಹೆಚ್ಚುತ್ತಿರುತ್ತಿದ್ದಳು, ನಾನು ಗಂಭೀರವಾಗಿ ಗೋಡೆ ನೋಡುತ್ತಿರುತ್ತಿದ್ದೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಹೀಗೆ ನಡೆಯಿತು. ಇದರಲ್ಲಿ ಬೇರೆ ಯಾವ ಅರ್ಥವೂ ಇರಲಿಲ್ಲ. ಆ ಮನೆಯಲ್ಲಿ ಶ್ರುತಿಜ್ಞಾನ ಇದ್ದವರು ನಾವಿಬ್ಬರೇ, ಅದೊಂದು ಸಣ್ಣ ಸಂಘವಾಗಿತ್ತು.

ಅವಳು ಹೋದದ್ದು ಬೇಗ. ಕಾಯಿಲೆ ಗೊತ್ತಾಗಿ ನಾಲ್ಕು ತಿಂಗಳು. ತನ್ನ ರಿಪೋರ್ಟು ತಾನೇ ಓದಿ ಅರ್ಥ ಮಾಡಿಕೊಂಡು, ಯಾರಿಗೂ ಸುಳ್ಳು ಹೇಳಲು ಅವಕಾಶ ಕೊಡದೆ ಹೋದಳು.

ವರ್ಷದ ಪುಣ್ಯತಿಥಿಗೆ ಗೆಳೆಯನ ಮಗಳು ಕೆ.ಆರ್. ಪುರದಿಂದ ಬಂದು ಎಲ್ಲ ಏರ್ಪಾಡು ಮಾಡಿದಳು. ಬೆಳಗ್ಗೆ ಮನೆಯಲ್ಲಿ ಕರ್ಮ, ಮಧ್ಯಾಹ್ನ ಹತ್ತಿರದ ಸಮುದಾಯ ಭವನದಲ್ಲಿ ಊಟ, ಊಟದ ಮೇಲೆ ‘ನುಡಿನಮನ ಮತ್ತು ಗೀತನಮನ’. ಹೀಗೆಂದು ಬ್ಯಾನರಿನಲ್ಲಿ ಬರೆಸಿದ್ದರು. ಸತ್ತವರಿಗೂ ಈಗ ಕಾರ್ಯಕ್ರಮ ಬೇಕು, ನಿರೂಪಕ ಬೇಕು, ಧ್ವನಿವರ್ಧಕ ಬೇಕು. ನುಡಿನಮನದಲ್ಲಿ ಒಬ್ಬರಾದ ಮೇಲೆ ಒಬ್ಬರು ಎದ್ದು ಅವಳನ್ನು ತಾಳ್ಮೆಯ ಮೂರ್ತಿ ಎಂದರು, ಯಾರ ಬಗ್ಗೆಯೂ ಒಂದು ಕಟು ಮಾತಾಡದವಳು ಎಂದರು, ಸಾಕ್ಷಾತ್ ದೇವತೆ ಎಂದರು. ಅವಳು ಇದನ್ನು ಕೇಳಿದ್ದರೆ ಈ ಮಹನೀಯರ ರಕ್ತ ಪರೀಕ್ಷೆಗೆ ಬರೆದುಕೊಡುತ್ತಿದ್ದಳು.

ಆಮೇಲೆ ಕರೋಕೆ ಗುಂಪು ವೇದಿಕೆ ಹತ್ತಿತು. ಶೋಕಸಭೆ ಎಂದು ಹೂವಿನ ಶರ್ಟಿನ ಬದಲು ಬಿಳಿ ಶರ್ಟು ಹಾಕಿಕೊಂಡಿದ್ದರು, ಅದೊಂದು ಮರ್ಯಾದೆ. ಕೊನೆಗೆ ಗೆಳೆಯನ ಸರದಿ. ನಿರೂಪಕ ಗದ್ಗದ ಕಂಠದಿಂದ, ಅದೂ ಅಭ್ಯಾಸ ಮಾಡಿದ ಗದ್ಗದ, ಇದು ಅಕ್ಕನವರ ಅತ್ಯಂತ ಪ್ರೀತಿಯ ಹಾಡು ಎಂದ. ಗೆಳೆಯ ಮೈಕು ಹಿಡಿದ. ಕಣ್ಣು ಮುಚ್ಚಿದ. ಎರಡನೇ ಚರಣಕ್ಕೆ ಬರುವಾಗ ಟ್ರ್ಯಾಕು ಮೇಲಕ್ಕೆ ಹೋಯಿತು, ಇವನು ಹೋಗಲಿಲ್ಲ. ಅಲ್ಲೇ ಕೆಳಗೆ ಒಂದು ಕಡೆ ನಿಂತು ಜೋರು ಮಾಡಿದ.

ಆ ಕ್ಷಣಕ್ಕೆ ನಾನು, ಇಪ್ಪತ್ತು ವರ್ಷದ ಅಭ್ಯಾಸಬಲದಿಂದ, ಅವಳು ಇರಬೇಕಾದ ಕಡೆ ನೋಡಿದೆ. ವೇದಿಕೆಯ ಪಕ್ಕದಲ್ಲಿ ಗಂಧದ ಹಾರ ಹಾಕಿದ ಅವಳ ದೊಡ್ಡ ಫೋಟೋ ಇತ್ತು. ಅದು ಯಾವುದೋ ಗುರುತಿನ ಚೀಟಿಗೆ ತೆಗೆಸಿದ ಫೋಟೋ, ದೊಡ್ಡದು ಮಾಡಿಸಿದ್ದರು. ಅದರಲ್ಲಿ ಅವಳ ಒಂದು ಹುಬ್ಬು ಸ್ವಲ್ಪ ಮೇಲಿತ್ತು.

ನಕ್ಕುಬಿಟ್ಟೆ. ಮುಗುಳ್ನಗೆಯಲ್ಲ. ತಡೆದಿಟ್ಟ ನಗು ಮೂಗಿನಿಂದ ಸಿಡಿದು, ಬಾಯಿಗೆ ಬಂದು, ಇಡೀ ಭವನಕ್ಕೆ ಕೇಳುವಂತೆ ಹೊರಬಿತ್ತು. ಮುಂದಿನ ಸಾಲಿನವರು ತಿರುಗಿದರು. ನನ್ನ ಹೆಂಡತಿ ನನ್ನ ತೊಡೆ ಚಿವುಟಿದಳು. ಗೆಳೆಯ ಕಣ್ಣು ತೆರೆದ, ನನ್ನನ್ನು ನೋಡಿದ, ಹಾಡು ನಿಲ್ಲಿಸಿದ. ಟ್ರ್ಯಾಕು ಮಾತ್ರ ಅದರ ಪಾಡಿಗೆ ಕೊನೆಯವರೆಗೂ ನಡೆಯಿತು. ಅದನ್ನು ನಿಲ್ಲಿಸಬೇಕು ಎಂದು ಯಾರಿಗೂ ಹೊಳೆಯಲಿಲ್ಲ.

ಮಗಳು ನನ್ನ ಹತ್ತಿರ ಬಂದು ಬಹಳ ಮೆಲ್ಲಗೆ, ‘ಅಂಕಲ್, ನೀವು ಹೊರಡಿ,’ ಎಂದಳು. ಹೊರಟೆ.

ಆಮೇಲೆ ಒಂದೂವರೆ ವರ್ಷ ಮಾತಿಲ್ಲ. ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಮನೆಗೆ ಹೋದೆ, ಕಿಟಕಿಯಿಂದ ನೋಡಿ ಬಾಗಿಲು ತೆಗೆಯಲಿಲ್ಲ. ಅವನ ಚಪ್ಪಲಿ ಹೊರಗೇ ಇದ್ದವು, ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು. ನನ್ನ ಹೆಂಡತಿ ಮೊದಲ ತಿಂಗಳು ನನ್ನನ್ನು ಬೈದಳು, ಎರಡನೇ ತಿಂಗಳು ಬೈಯುವುದನ್ನೂ ಬಿಟ್ಟಳು. ಅದು ಇನ್ನೂ ಕೆಟ್ಟದ್ದು. ಗುರುವಾರ ಸಂಜೆ ಆರು ಗಂಟೆಗೆ ನಾನು ಪ್ಯಾಂಟು ಹಾಕಿಕೊಂಡು ನಿಂತು, ಹೋಗಲು ಜಾಗವಿಲ್ಲದೆ, ಮತ್ತೆ ಲುಂಗಿ ಉಡುತ್ತಿದ್ದೆ.

ನಮ್ಮ ಸಂಬಂಧಿಕರಲ್ಲಿ ಮನಸ್ಸಿನ ಸಮಸ್ಯೆಗಳಿಗೆ ಸಲಹೆ ಕೊಡುವ ಕೋರ್ಸು ಮುಗಿಸಿದ ಹುಡುಗಿಯೊಬ್ಬಳಿದ್ದಾಳೆ. ಅವಳು ನನ್ನನ್ನು ಇಂದಿರಾನಗರದ ಕಾಫಿ ಅಂಗಡಿಗೆ ಕರೆದುಕೊಂಡು ಹೋಗಿ, ಬಟ್ಟಲಿನ ಮೇಲೆ ನೊರೆಯಲ್ಲಿ ಎಲೆ ಬಿಡಿಸಿದ ಕಾಫಿ ಕೊಡಿಸಿ, ಕಳಿಸದ ಪತ್ರ ಬರೆಯಿರಿ ಎಂದಳು. ಕಳಿಸದ ಪತ್ರ ಯಾರಿಗೆ ಬೇಕು ಎಂದು ಕೇಳಿದೆ. ನಿಮಗೇ ಬೇಕು ಎಂದಳು. ನನಗೆ ಬೇಕಾಗಿದ್ದು ಗುರುವಾರದ ಕಾಫಿ, ಎಲೆ ಬಿಡಿಸದ್ದು. ಅದಕ್ಕೆ ಅವಳ ಕೋರ್ಸಿನಲ್ಲಿ ಪಾಠ ಇರಲಿಲ್ಲ.

ಆದರೂ ಕೊನೆಗೆ ಬರೆದೆ, ಮತ್ತು ಕಳಿಸಿದೆ. ಮೊಬೈಲಿನಲ್ಲಿ. ಮೂರು ದಿನ ತಿದ್ದಿ ತಿದ್ದಿ ಬರೆದ ಸಂದೇಶ. ಓದಿದ್ದಾನೆ ಎಂದು ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ.

ಉಪಾಯವಿಲ್ಲದೆ ಶಿವಾಜಿನಗರಕ್ಕೆ ಹೋದೆ. ಲೇಸಿನ ಅಂಗಡಿಯ ಗೆಳೆಯ ನಮ್ಮಿಬ್ಬರ ಜೊತೆಗೂ ಮಾತು ಉಳಿಸಿಕೊಂಡಿದ್ದ. ಮದುವೆಯ ಸೀಸನ್. ಅಂಗಡಿಯ ತುಂಬ ಹೆಂಗಸರು. ಅವನು ನನಗೆ ಒಂದು ಸ್ಟೂಲು ತೋರಿಸಿ ತನ್ನ ಪಾಡಿಗೆ ಜರಿ ಅಳೆಯುತ್ತ ಹೋದ. ಒಂದು ಗಂಟೆ ಕೂರಿಸಿದ. ನಡುವೆ ಚಹಾ ಬಂತು, ಅವನಿಗೆ ಮಾತ್ರ. ಬೇಕೆಂದೇ ಮಾಡಿದ್ದು ಎಂದು ನನಗೆ ಗೊತ್ತಾಗಲಿ ಎಂದೇ ಮಾಡಿದ್ದು.

ಗಿರಾಕಿಗಳು ಕರಗಿದ ಮೇಲೆ ಅಳತೆಕೋಲು ಕೆಳಗಿಟ್ಟು ನನ್ನ ಕಡೆ ತಿರುಗಿದ. ಮಧ್ಯೆ ಮಾತಾಡಿ ರಾಜಿ ಮಾಡಿಸು ಎಂದು ನಾನು ಕೇಳಿಕೊಂಡೆ. ಕ್ಷಮೆ ಕೇಳಿದ್ದಾಯಿತು, ಇನ್ನೇನು ಮಾಡಬೇಕು ಎಂದೆ.

‘ಆ ಮೆಸೇಜ್ ನಂಗೆ ತೋರಿಸಿದಾನೆ ಅವನು,’ ಎಂದ. ‘ನಕ್ಕಿದ್ದು ತಪ್ಪು, ಆದರೂ ಎರಡನೇ ಚರಣದಲ್ಲಿ ನೀನು ಶ್ರುತಿಗಿಂತ ಕೆಳಗಿದ್ದೆ ಅನ್ನೋದನ್ನ ನೀನೇ ಒಪ್ತೀಯ ಅಂತ ಬರ್ದಿದೀಯಲ್ಲ. ಅದು ಸಾರಿ ಅಲ್ಲ ಮಗಾ. ಅದು ಇನ್ಸ್‌ಪೆಕ್ಷನ್ ರಿಪೋರ್ಟು.’

ನಿಜ ಹೇಳಿದ್ದೇನೆ ಎಂದೆ.

‘ನಿಜ ನಕ್ಕೋ,’ ಎಂದ. ಬೇಡ ಎನ್ನಲು ಅವರ ಮನೆಮಾತಿನ ಪದ ಅದು. ‘ಅವನು ಹುಡುಗನಾಗಿದ್ದಾಗಿಂದ ಹಂಗೇ ಹಾಡ್ತಾನೆ. ನೀನು ಯಾವತ್ತೂ ನಕ್ಕಿಲ್ಲ. ಅವತ್ತೇ ಯಾಕೆ ನಕ್ಕೆ, ಅದು ಹೇಳು.’

ಹೇಳಿದೆ. ಅಡುಗೆಮನೆಯ ಸ್ಟೂಲು, ಹುಬ್ಬು, ಫೋಟೋ, ಎಲ್ಲ. ಅಲ್ಲಿಯವರೆಗೆ ಯಾರಿಗೂ, ಹೆಂಡತಿಗೂ ಹೇಳಿರಲಿಲ್ಲ. ಅವನು ಕೇಳಿ ಮುಗಿಸಿ, ಲೇಸಿನ ಉಂಡೆಗಳನ್ನು ಕಪಾಟಿನಲ್ಲಿ ಜೋಡಿಸತೊಡಗಿದ. ಅದನ್ನು ಅವನಿಗೇ ಹೇಳಬೇಕಿತ್ತು, ನನಗಲ್ಲ ಎಂದ. ಹೇಗೆ ಹೇಳುವುದು ಎಂದೆ. ನೀನು ಹಾಡಿದಾಗೆಲ್ಲ ನಿನ್ನ ಹೆಂಡತಿಯೂ ನಾನೂ ನಿನ್ನ ಬೆನ್ನ ಹಿಂದೆ ನಗುತ್ತಿದ್ದೆವು ಎಂದು ಹೆಂಡತಿ ಸತ್ತವನಿಗೆ ಹೇಳಲು ಬರುತ್ತದೆಯೇ? ಅವನು ಕಪಾಟಿನ ಬಾಗಿಲು ಮುಚ್ಚಿದ. ಅಂಗಡಿ ಮುಚ್ಚುವ ಹೊತ್ತಾಯಿತು ಎಂದ. ಆಗಿನ್ನೂ ಸಂಜೆ ಐದು.

ಮುಂದಿನ ಭಾನುವಾರ ನಾನೇ ಇಂದಿರಾನಗರದ ಆ ಸಭಾಂಗಣಕ್ಕೆ ಹೋದೆ. ಮೆಟ್ಟಿಲ ಮೇಲೆ ಬೋಂಡದ ಎಣ್ಣೆಯ ವಾಸನೆ. ಒಳಗೆ ಪ್ಲಾಸ್ಟಿಕ್ ಕುರ್ಚಿ, ಬಣ್ಣ ಬದಲಿಸುವ ದೀಪ, ಗೋಡೆಗೆ ‘ಸಂಗೀತವೇ ಸಂಜೀವಿನಿ’ ಎಂಬ ಫಲಕ. ಅಲ್ಲಿ ಎಲ್ಲರಿಗೂ ಒಂದೇ ಅಳತೆಯ ಚಪ್ಪಾಳೆ. ಚೆನ್ನಾಗಿ ಹಾಡಿದವನಿಗೂ ಅಷ್ಟೇ, ಮಧ್ಯದಲ್ಲಿ ಮೊಬೈಲು ಲಾಕ್ ಆಗಿ ನಿಂತವನಿಗೂ ಅಷ್ಟೇ. ಪಡಿತರ ಅಂಗಡಿಯಲ್ಲೂ ಇಷ್ಟು ಸಮಾನತೆ ನೋಡಿಲ್ಲ. ಕೊನೆಯ ಸಾಲಿನಲ್ಲಿ ಕೂತೆ. ಗೆಳೆಯ ನನ್ನನ್ನು ನೋಡಿದ. ನೋಡಿ, ಹೋಗಿ, ಅದೇ ಹಾಡು ಹಾಕಿಸಿದ. ಪುಣ್ಯತಿಥಿಯಲ್ಲಿ ನಿಂತುಹೋದ ಹಾಡು. ಈ ಸಲ ಕಣ್ಣು ಮುಚ್ಚಲಿಲ್ಲ, ಇಡೀ ಹಾಡು ನನ್ನನ್ನೇ ನೋಡುತ್ತ ಹಾಡಿದ. ಎರಡನೇ ಚರಣದಲ್ಲಿ ಅದೇ ಜಾಗದಲ್ಲಿ ಅದೇ ರೀತಿ ಬಿದ್ದ. ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ನಗು ಬರಲಿಲ್ಲ. ಬರದೇ ಇದ್ದದ್ದಕ್ಕೆ ಪಶ್ಚಾತ್ತಾಪ ಕಾರಣವಲ್ಲ. ನೋಡಲು ಆ ಕಡೆ ಯಾರೂ ಇರಲಿಲ್ಲ.

ಹಾಡು ಮುಗಿದ ಮೇಲೆ ಹೊಸಬರ ಪರಿಚಯ ಮಾಡಿಸುವ ಪದ್ಧತಿ ಇತ್ತಂತೆ. ನಿರೂಪಕ ಬಂದು ನನ್ನ ಕೈಗೆ ಮೈಕು ತುರುಕಿ, ಸರ್ ಒಂದು ಪಲ್ಲವಿ ಹಾಡಲಿ ಎಂದ. ನಾನು ಹಾಡುವುದಿಲ್ಲ ಎಂದೆ. ಎಲ್ಲರೂ ಹಾಗೇ ಹೇಳುತ್ತಾರೆ ಎಂದು ಅವನು ಹಲ್ಲು ಕಿರಿದ. ಮುಂದಿನ ಸಾಲಿನಿಂದ ಗೆಳೆಯ ಇನ್ನೊಂದು ಮೈಕು ಎತ್ತಿಕೊಂಡ.

‘ಬಿಡ್ರಿ ಅವರನ್ನ,’ ಎಂದ. ‘ಅವರು ಹಾಡೋರಲ್ಲ. ನಗೋರು.’

ಒಂದೂವರೆ ವರ್ಷದಲ್ಲಿ ಅವನು ನನ್ನ ಬಗ್ಗೆ ನನಗೆ ಕೇಳುವಂತೆ ಆಡಿದ ಮೊದಲ ಮಾತು. ಸಭೆಯೆಲ್ಲ ಗೊಳ್ಳೆಂದಿತು. ಆ ಹೂವಿನ ಶರ್ಟುಗಳು ನನ್ನನ್ನು ನೋಡಿ ನಕ್ಕವು. ಎಂಟು ವರ್ಷ ಮೇಷ್ಟ್ರ ಕೈಯಲ್ಲಿ ಪೆಟ್ಟು ತಿಂದು ಸ್ವರ ಕಲಿತ ನನ್ನನ್ನು ಅವರು ನೋಡಿ ನಕ್ಕರು, ಮತ್ತು ನಾನು ಅದಕ್ಕೆ ಅರ್ಹನಾಗಿದ್ದೆ. ಮೈಕು ಕುರ್ಚಿಯ ಮೇಲಿಟ್ಟು ಎದ್ದು ಹೊರಟೆ.

ಮೆಟ್ಟಿಲ ಅರ್ಧದಲ್ಲಿ ಹಿಂದೆ ಹೆಜ್ಜೆ ಕೇಳಿತು. ಅವನೇ. ಮೇಲಿನ ಮೆಟ್ಟಿಲಲ್ಲಿ ಅವನು, ಕೆಳಗೆ ನಾನು. ಒಳಗೆ ಯಾರೋ ಮುಂದಿನ ಹಾಡು ಶುರು ಮಾಡಿದ್ದರು.

‘ಯಾಕೆ ಬಂದೆ?’ ಎಂದ.

‘ಹೇಳೋದಿದೆ.’

‘ಇನ್ನೊಂದ್ಸಲ ಶ್ರುತಿ ವಿಷಯ ಎತ್ತಿದ್ರೆ ಇಲ್ಲಿಂದ್ಲೇ ತಳ್ತೀನಿ.’

ಹೇಳಿಬಿಟ್ಟೆ. ನಿನ್ನ ಹಾಡಿಗೆ ನಾನು ಒಬ್ಬನೇ ನಕ್ಕವನಲ್ಲ ಎಂದು ಶುರು ಮಾಡಿದೆ. ಅದು ಶುರು ಮಾಡುವ ಕ್ರಮವೇ ಅಲ್ಲ. ಆದರೆ ಕ್ರಮವಾಗಿ ಹೇಳುವುದನ್ನು ನಾನು ವಿಮಾ ಪಾಲಿಸಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಕಲಿತಿಲ್ಲ. ಸ್ಟೂಲಿನ ವಿಷಯ, ಹುಬ್ಬಿನ ವಿಷಯ, ಅವಳು ತಮಿಳಿನಲ್ಲಿ ಅನ್ನುತ್ತಿದ್ದುದು. ಆವತ್ತು ಅವಳಿದ್ದಾಳೆ ಎಂದೇ ಆ ಕಡೆ ನೋಡಿದ್ದು. ಅವನ ಮುಖದ ಬಣ್ಣ ಇಳಿಯುತ್ತ ಹೋಯಿತು.

‘ಅವಳು ನಗ್ತಿದ್ಲಾ?’

‘ಹೂಂ.’

‘ನಾನ್ ಹಾಡಿದಾಗ್ಲೆಲ್ಲ?’

‘ನೀನು ಕಣ್ ಮುಚ್ಚಿದಾಗ.’

ಅವನು ಮೆಟ್ಟಿಲ ಕಂಬಿ ಹಿಡಿದು ಇಳಿದು, ನನ್ನನ್ನು ದಾಟಿಕೊಂಡು, ಸ್ಕೂಟರು ಹತ್ತಿ ಹೋದ. ಅವನ ಬ್ಯಾಗು ಮೇಲೆ ಸಭಾಂಗಣದಲ್ಲೇ ಇತ್ತು.

ಅವನು ಕರೋಕೆಗೆ ಹೋಗುವುದನ್ನು ನಿಲ್ಲಿಸಿದ ಎಂಬ ಸುದ್ದಿಯನ್ನು ಲೇಸಿನ ಗೆಳೆಯ ಫೋನಿನಲ್ಲಿ ಹೇಳಿದ. ಮನೆಯಿಂದ ಹೊರಗೇ ಬರುತ್ತಿಲ್ಲವಂತೆ, ಮಗಳು ಬಂದು ಕೆ.ಆರ್. ಪುರಕ್ಕೆ ಕರೆದರೆ ಹೋಗಲಿಲ್ಲವಂತೆ. ಹೇಳು ಎಂದವನು ನೀನೇ ಅಲ್ಲವೇ ಎಂದು ನಾನು ರೇಗಿದೆ. ‘ಹೇಳು ಅಂದೆ. ಮೆಟ್ಟಿಲ ಮೇಲೆ ನಿಲ್ಸಿ ಕೊಲ್ಲು ಅನ್ಲಿಲ್ಲ,’ ಎಂದು ಅವನು ಫೋನಿಟ್ಟ. ಆ ದಿನಗಳಲ್ಲಿ ನನಗೆ ನನ್ನ ಮೇಲೆ ಇದ್ದ ತಿರಸ್ಕಾರವನ್ನು ವರ್ಣಿಸಹೋದರೆ ಅದೂ ಒಂದು ನುಡಿನಮನವಾಗುತ್ತದೆ, ಬೇಡ. ಮುದುಕನೊಬ್ಬನಿಗೆ ಉಳಿದಿದ್ದ ಒಂದು ಕೆಟ್ಟ ಹಾಡಿನ ಸಂತೋಷವನ್ನು ಕಿತ್ತುಕೊಂಡು, ಅದರ ಜೊತೆಗೆ ಇಪ್ಪತ್ತು ವರ್ಷದ ಹಳೆಯ ಸಂತೋಷವನ್ನೂ ಕಿತ್ತುಕೊಂಡಿದ್ದೆ. ಕ್ಷಮೆ ಕೇಳಲು ಹೋಗಿ!

ಐದು ವಾರ ಕಳೆಯಿತು. ಒಂದು ಬೆಳಿಗ್ಗೆ, ನಾನು ಪೇಪರಿನಲ್ಲಿ ಮುಖ ಹುದುಗಿಸಿ ಕೂತಿದ್ದಾಗ ಕರೆಗಂಟೆ ಆಯಿತು. ಹೆಂಡತಿ ಬಾಗಿಲು ತೆಗೆದು ಪಕ್ಕಕ್ಕೆ ಸರಿದಳು. ಅವನು ಹೆಲ್ಮೆಟ್ ಕೈಯಲ್ಲಿ ಹಿಡಿದು ಒಳಗೆ ಬಂದ. ಗಡ್ಡ ಬಿಟ್ಟಿದ್ದ, ಅದೂ ಒಂದು ಕೆನ್ನೆಯಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಟೂಲ್ ರೂಮಿನವನ ಗಡ್ಡ ಹಾಗಿರಬಾರದು. ಕೂತ. ನೀರು ಕುಡಿದ. ನಾನು ಏನೋ ಹೇಳಲು ಹೊರಟಾಗ ಕೈ ಎತ್ತಿ ತಡೆದ.

‘ಇನ್ನೇನೇನ್ ಅಂತಿದ್ಲು?’ ಎಂದ.

ನನಗೆ ತಕ್ಷಣ ಅರ್ಥವಾಗಲಿಲ್ಲ.

‘ಅವಳು. ನನ್ ಬಗ್ಗೆ. ನಿನ್ ಹತ್ರ ಇನ್ನೇನೇನ್ ಅಂತಿದ್ಲು?’

ಬೇಡ ಬಿಡು ಎಂದೆ. ಅವನು ಬಿಡಲಿಲ್ಲ. ಎಲ್ಲರೂ ಸೇರಿ ಅವಳನ್ನು ದೇವತೆ ಮಾಡಿಬಿಟ್ಟಿದ್ದಾರೆ ಎಂದ. ಮಗಳು, ನೆಂಟರು, ಕರೋಕೆಯವರು, ಪಕ್ಕದ ಮನೆಯವರು, ಯಾರನ್ನು ಕೇಳಿದರೂ ಅದೇ ಎರಡು ಮಾತು. ತಾನೂ ಅದನ್ನೇ ಹೇಳಿ ಹೇಳಿ, ಈಗ ಕಣ್ಣು ಮುಚ್ಚಿದರೆ ಆ ಫೋಟೋ ಬರುತ್ತದೆಯೇ ಹೊರತು ಅವಳು ಬರುತ್ತಿರಲಿಲ್ಲವಂತೆ. ಆ ಭಾನುವಾರ ಮೆಟ್ಟಿಲ ಮೇಲೆ ಕೇಳಿದ ಮೇಲೆ ಮೊದಲು ಕೋಪ ಬಂತಂತೆ, ನಾಚಿಕೆಯಾಯಿತಂತೆ, ಹಾಸಿಗೆಯಿಂದ ಏಳಲಿಲ್ಲವಂತೆ. ನಾಲ್ಕನೇ ವಾರ ಅಡುಗೆಮನೆಯಲ್ಲಿ ಚಹಾ ಕಾಯಿಸುತ್ತ ನಿಂತಾಗ, ಸ್ಟೂಲಿನ ಮೇಲೆ ಕೂತು ಹುಬ್ಬೆತ್ತಿದ ಅವಳು ಕಂಡಳಂತೆ.

‘ಎರಡೂವರೆ ವರ್ಷದಲ್ಲಿ ಅವಳದ್ದು ಅಂತ ಹೊಸದೊಂದು ಸಿಕ್ಕಿದ್ದು ನಿನ್ನ ಹತ್ರ ಮಾತ್ರ ಕಣೋ,’ ಎಂದ. ‘ಕೆಟ್ಟದ್ದೇ ಇರ್ಲಿ. ಹೇಳು.’

ನನ್ನ ಹೆಂಡತಿ ಒಳಗೆ ಹೋಗಿ ಕಾಫಿಗಿಟ್ಟಳು. ಒಂದೂವರೆ ವರ್ಷದ ನಂತರ ನನ್ನ ಮೇಲೂ ಅವಳಿಗೆ ಸ್ವಲ್ಪ ದಯೆ ಬಂದಿತ್ತೆಂದು ತೋರುತ್ತದೆ, ಕಾಫಿ ಬಿಸಿಯಾಗಿತ್ತು.

ಅವನು ಹಾಲು ತರಲು ಹೋದ ಹೊತ್ತಿನಲ್ಲಿ ಅವಳು ನನ್ನ ಹತ್ತಿರ ಅಂದದ್ದರಲ್ಲಿ ಆ ದಿನ ಮೂರು ಹೇಳಿದೆ. ಬೀನ್ಸ್ ಹೆಚ್ಚಲು ಕೊಟ್ಟರೂ ಇವರು ಅಳತೆಯ ನಕ್ಷೆ ಕೇಳುತ್ತಾರೆ ಎಂದು ಅವಳು ಅಂದದ್ದು. ಮದುವೆಗೆ ಮುಂಚೆ ಇವನು ಬರೆದ ಕಾಗದ ಯಂತ್ರ ರಿಪೇರಿಯ ಪುಸ್ತಕದಂತಿತ್ತು ಎಂದದ್ದು. ಇವನು ಗೊರಕೆ ಹೊಡೆಯುವುದು ಮಾತ್ರ ಒಳ್ಳೆಯ ಶ್ರುತಿಯಲ್ಲಿ ಎಂದದ್ದು. ಮೂರನೆಯದಕ್ಕೆ ಅವನು ನಕ್ಕ. ನಕ್ಕು, ಕನ್ನಡಕ ತೆಗೆದು, ಒರೆಸಿಕೊಳ್ಳಲು ಬಟ್ಟೆ ಸಿಗದೆ ನಮ್ಮ ಸೋಫಾದ ಹೊದಿಕೆಯಲ್ಲಿ ಒರೆಸಿಕೊಂಡ.

ಗುರುವಾರಗಳು ಮತ್ತೆ ಶುರುವಾದವು, ಈ ಸಲ ನಮ್ಮ ಮನೆಯಲ್ಲಿ. ಒಮ್ಮೆಗೆ ಒಂದೋ ಎರಡೋ ಹೇಳುತ್ತಿದ್ದೆ. ಅವನು ಫೋರ್‌ಮನ್ನನ ಹಾಗೆ ಪರೀಕ್ಷಿಸುತ್ತಿದ್ದ. ಯಾವಾಗ ಅಂದಳು, ಎಲ್ಲಿ ಕೂತಿದ್ದಳು, ಕನ್ನಡದಲ್ಲೋ ತಮಿಳಿನಲ್ಲೋ. ಒಂದು ಸಲ, ಹೇಳಬಾರದಿತ್ತೋ ಏನೋ, ಆ ಪ್ರೀತಿಯ ಹಾಡಿನ ವಿಷಯ ಹೇಳಿದೆ. ಅವಳಿಗೆ ಆ ಹಾಡೇನೂ ಇಷ್ಟವಿರಲಿಲ್ಲ. ದಿನವಿಡೀ ಪ್ರಯೋಗಾಲಯದ ಯಂತ್ರಗಳ ಗುಂಯ್‌ಗುಟ್ಟುವಿಕೆ ಕೇಳಿ ಬರುತ್ತೇನೆ, ಸಂಜೆ ಹೊತ್ತು ಯಾರೂ ಏನೂ ಹಾಡದಿದ್ದರೆ ಅದೇ ನನಗೆ ಸಂಗೀತ, ಆದರೆ ಇವರು ಒಂದು ದಿನವೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ ಎಂದಿದ್ದಳು. ಅವನು ಕಾಫಿ ಲೋಟ ಕೆಳಗಿಟ್ಟ.

‘ಇದು ಯಾವ ವರ್ಷ?’ ಎಂದ.

‘ನಿನ್ನ ಮಗಳು ಕಾಲೇಜಿಗೆ ಸೇರಿದ ವರ್ಷ.’

‘ಹೇಳ್ಬಹುದಿತ್ತು ನೀನು.’

‘ಹೇಳ್ಬಹುದಿತ್ತು.’

ನಾನು ಹೇಳಲಿಲ್ಲ, ಯಾಕೆಂದರೆ ನನಗೆ ಅದು ತಮಾಷೆಯಾಗಿತ್ತು. ಮನುಷ್ಯರ ಕಷ್ಟವನ್ನು ತಮಾಷೆಯಾಗಿ ಕೇಳಿಸಿಕೊಳ್ಳುವುದು ನನಗೆ ಚೆನ್ನಾಗಿ ಬರುತ್ತಿತ್ತು. ಅವನ ಹಾಡಿಗೆ ಶ್ರುತಿ ಇಲ್ಲ ಎಂದು ಹೀಯಾಳಿಸಿದ ಈ ಕಿವಿಗೆ ಅವಳು ಹೇಳಿದ್ದು ಸುಸ್ತು ಎಂದು ಕೇಳಿಸಿರಲಿಲ್ಲ.

ಅವನು ಮತ್ತೆ ಕರೋಕೆಗೆ ಹೋಗತೊಡಗಿದ್ದಾನೆ. ಆ ಹಾಡು ಬಿಟ್ಟಿದ್ದಾನೆ, ಬೇರೆ ಹಾಡುಗಳನ್ನು ಅಷ್ಟೇ ಕೆಟ್ಟದಾಗಿ ಹಾಡುತ್ತಾನೆ. ನನ್ನನ್ನು ಕರೆಯುವುದಿಲ್ಲ, ನಾನು ಹೋಗುವುದೂ ಇಲ್ಲ. ಆ ಗುಂಪಿನ ಬಗ್ಗೆ ನನ್ನ ಅಭಿಪ್ರಾಯ ಎಳ್ಳಷ್ಟೂ ಬದಲಾಗಿಲ್ಲ. ಬದಲಾಗಬೇಕು ಎಂದು ಅವನೂ ಕೇಳಿಲ್ಲ. ಲೇಸಿನ ಗೆಳೆಯ ಮಾತ್ರ ರಾಜಿ ಮಾಡಿಸಿದವನು ತಾನೇ ಎಂದು ಶಿವಾಜಿನಗರದ ತುಂಬ ಹೇಳಿಕೊಂಡು ತಿರುಗುತ್ತಾನೆ. ಬರೀ ಸ್ಟೂಲು ಕೊಟ್ಟವನು.

ಹೇಳುವುದಕ್ಕೆ ನನ್ನ ಹತ್ತಿರ ಇದ್ದದ್ದು ಎಷ್ಟು? ಇಪ್ಪತ್ತು ವರ್ಷವಾದರೂ ನೆನಪಿನಲ್ಲಿ ಉಳಿದ ಮಾತು ಕೈಬೆರಳೆಣಿಕೆಗಿಂತ ಸ್ವಲ್ಪ ಹೆಚ್ಚು. ಕಳೆದ ದೀಪಾವಳಿಯ ಹೊತ್ತಿಗೆ ಬರಿದಾಯಿತು. ಒಂದು ಗುರುವಾರ ಅವನು ಎಂದಿನಂತೆ, ‘ಇವತ್ತೇನು?’ ಎಂದು ಕಾಯುತ್ತ ಕೂತ. ಬರಿಗೈಯಲ್ಲಿ ಕಳಿಸಲು ಮನಸ್ಸಾಗದೆ ಒಂದನ್ನು ಕಟ್ಟಿದೆ. ಅವನು ಮೀಸೆ ಬಿಟ್ಟ ವರ್ಷ ಅವಳು, ಬಾಗಿಲ ಮುಂದಿನ ಕಾಲೊರಸು ಇವರ ಮುಖಕ್ಕೆ ಯಾವಾಗ ಬಂತು ಎಂದಳು ಎಂದೆ. ಒಳ್ಳೆಯದೇ ಕಟ್ಟಿದ್ದೇನೆ ಎಂದುಕೊಂಡಿದ್ದೆ.

ಅವನು ತಲೆಯಾಡಿಸಿದ. ‘ಇಲ್ಲ. ಅವಳು ಇಷ್ಟು ಕೀಳಾಗಿ ಅನ್ನೋಳಲ್ಲ. ಇದು ನಿಂದು.’

ನನ್ನದೇ ಎಂದು ಒಪ್ಪಿಕೊಂಡೆ. ಮುಗಿದವು, ಇನ್ನು ಇಲ್ಲ ಎಂದೂ ಹೇಳಿದೆ. ಅವನು ಎದ್ದು ಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ. ಕಾಫಿ ಕುಡಿದು ಮುಗಿಸಿ, ನಾಳೆ ಮಗಳ ಮನೆಗೆ ಹೋಗಬೇಕು, ಮೆಟ್ರೋ ಹತ್ತಿ ಹೋಗೋಣ, ನೀನೂ ಬಾ ಎಂದ.

ಹೋದೆ. ಕೆ.ಆರ್. ಪುರದ ಆ ಮನೆಯಲ್ಲಿ ಮಗಳು ಅಪ್ಪನಿಗೆ ತಟ್ಟೆ ಹಾಕಿದಳು, ನನಗೂ ಹಾಕಿದಳು. ಅಪ್ಪನ ತಟ್ಟೆ ಕೈಯಿಂದ ಇಳಿಯಿತು, ನನ್ನದು ಮೇಜಿನ ಮೇಲೆ ಬಿತ್ತು. ಅವಳು ನನ್ನನ್ನು ಕ್ಷಮಿಸಿಲ್ಲ. ಕ್ಷಮಿಸಬೇಕಾದ ಕಾರಣವೂ ಕಾಣುವುದಿಲ್ಲ. ಅವಳ ಪಲ್ಯ ಚೆನ್ನಾಗಿತ್ತು. ಹಾಗೆಂದು ಹೇಳಲು ಬಾಯಿ ತೆರೆದೆ. ಗೆಳೆಯ ಮೇಜಿನ ಕೆಳಗೆ ನನ್ನ ಕಾಲು ಒದ್ದ. ಸುಮ್ಮನೆ ಉಂಡೆ.